ಮಾತು ನೆಟ್ಟಗೆ, ಮೂಗು ಸೊಟ್ಟಗೆ: ಮಿಕ್ಟರಿಸಮ್ ಎಂಬ ಅಪರೂಪದ ಪದ

‘ಅದರಲ್ಲೇನು ಅನುಮಾನ, ಸ್ವಾಮಿ.’

ಈ ವಾಕ್ಯದಲ್ಲಿ ಗೇಲಿ ಎಲ್ಲಿದೆ ಎಂದು ಹುಡುಕಿದರೆ ಸಿಗುವುದಿಲ್ಲ. ಒಪ್ಪಿಗೆ ಇದೆ, ಮರ್ಯಾದೆಯೂ ಇದೆ. ಆದರೆ ಹೇಳುವವನು ಪಕ್ಕಕ್ಕೆ ಕಣ್ಣು ಹೊರಳಿಸಿ, ತುಟಿಯ ಒಂದು ತುದಿಯನ್ನು ಸೊಟ್ಟ ಮಾಡಿಯೋ ಮೂಗನ್ನು ಸ್ವಲ್ಪ ಮೇಲಕ್ಕೆ ಸುಕ್ಕಿಸಿಯೋ ಹೇಳಿದನೆಂದರೆ ಅದೇ ವಾಕ್ಯ ‘ನಿನ್ನ ಮಾತನ್ನು ನಾನು ಕಾಸಿಗೂ ನಂಬಲಿಲ್ಲ’ ಎಂದಾಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆಂದೇ ಒಂದು ಪದವಿದೆ: ಮಿಕ್ಟರಿಸಮ್. ಮೇಲಿನ ಉದಾಹರಣೆಯೂ ಹೊಸದಲ್ಲ. 1589ರಲ್ಲಿ ಲಂಡನ್ನಿನಲ್ಲಿ ಲೇಖಕನ ಹೆಸರಿಲ್ಲದೆ ಅಚ್ಚಾದ, ಜಾರ್ಜ್ ಪಟನ್‌ಹ್ಯಾಮ್ ಬರೆದದ್ದೆಂದು ಸಾಮಾನ್ಯವಾಗಿ ಒಪ್ಪಿರುವ ‘ದಿ ಆರ್ಟ್ ಆಫ್ ಇಂಗ್ಲಿಷ್ ಪೊಯೆಸಿ’ ಎಂಬ ಅಲಂಕಾರಗ್ರಂಥದಲ್ಲಿ ಈ ಪದಕ್ಕೆ ಕೊಟ್ಟಿರುವ ಉದಾಹರಣೆಯೇ ಅದು.

ಮೊದಲು ಕಾಗುಣಿತ ಮತ್ತು ಉಚ್ಚಾರ. ಎಂ, ವೈ, ಸಿ, ಟಿ, ಇ, ಆರ್, ಐ, ಎಸ್, ಎಂ. ಒತ್ತು ಮೊದಲ ಅಕ್ಷರದ ಮೇಲೆ, ಕೊನೆಯ ‘ಸ’ ಮೃದು: ಮಿಕ್-ಟ-ರಿಝಮ್. ಎರಡನೇ ಅಕ್ಷರ ‘ವೈ’ ಎಂದು ‘ಮೈಕ್ಟರಿಸಮ್’ ಎನ್ನಬಾರದು. ‘ಮಿಸ್ಟಿಕ್’, ‘ಮಿಸ್ಟರಿ’ಗಳ ಜೊತೆ ಇದಕ್ಕೆ ನಂಟಿಲ್ಲ. ಅಣಬೆ, ಬೂಷ್ಟುಗಳ ಶಾಸ್ತ್ರವಾದ ಮೈಕಾಲಜಿಯ ಹೆಸರು ಹುಟ್ಟಿದ್ದು ಗ್ರೀಕಿನ ‘ಮುಕೇಸ್’ ಎಂಬ ಮಾತಿನಿಂದ. ಪದದ ಮೊದಲ ಮೂರು ಅಕ್ಷರ ನೋಡಿ ಅರ್ಥ ಊಹಿಸಲು ಹೋದವರು ಸಾಮಾನ್ಯವಾಗಿ ಅಲ್ಲಿಗೇ ಹೋಗಿ ಬೀಳುತ್ತಾರೆ. ಹಳೆಯ ಪುಸ್ತಕಗಳಲ್ಲಿ ‘ಮಿಕ್ಟರಿಸ್ಮಸ್’ ಎಂಬ ಲ್ಯಾಟಿನ್ ರೂಪವೂ ಕಾಣುತ್ತದೆ. ಎರಡೂ ಒಂದೇ.

ಮೂಲ ಗ್ರೀಕಿನ ‘ಮುಕ್ತೇರ್’, ಅಂದರೆ ಮೂಗಿನ ಹೊಳ್ಳೆ, ಮೂಗು, ಮುಸುಡಿ. ಅದರಿಂದ ‘ಮುಕ್ತೇರಿಜೊ’ ಎಂಬ ಕ್ರಿಯಾಪದ: ಮೂಗೆತ್ತು, ಮೂಗು ಮುರಿ, ಆ ಮೂಲಕ ಗೇಲಿ ಮಾಡು. ಇದೇ ಮೂಗು ನಮ್ಮ ಮಂಡ್ಯ ಜಿಲ್ಲೆಯಲ್ಲೂ ಇದೆ. ಕೊಕ್ಕರೆ ಬೆಳ್ಳೂರಿಗೆ ಗೂಡು ಕಟ್ಟಲು ಬರುವ ಬಣ್ಣದ ಕೊಕ್ಕರೆಯ ಶಾಸ್ತ್ರೀಯ ಹೆಸರು ‘ಮಿಕ್ಟೀರಿಯಾ ಲ್ಯೂಕೊಸೆಫಲಾ’. ‘ಮಿಕ್ಟೀರಿಯಾ’ ಎಂಬ ಕುಲನಾಮವನ್ನು 1758ರಲ್ಲಿ ಲಿನೇಯಸ್ ಅಮೆರಿಕದ ಒಂದು ಕೊಕ್ಕರೆಗೆ ಇಟ್ಟದ್ದು ಅದರ ಉದ್ದನೆಯ ಮುಸುಡಿಯನ್ನು ನೋಡಿ. ಪಾಪ, ಹಕ್ಕಿ ಯಾರನ್ನೂ ಗೇಲಿ ಮಾಡುತ್ತಿಲ್ಲ.

ಗ್ರೀಕ್ ಬೈಬಲಿನಲ್ಲಿ ಈ ಕ್ರಿಯಾಪದದ ಮನೆತನವೇ ಇದೆ. ಗಲಾತ್ಯದವರಿಗೆ ಬರೆದ ಪತ್ರದ 6ನೇ ಅಧ್ಯಾಯದ 7ನೇ ವಚನದಲ್ಲಿ, ದೇವರನ್ನು ಅಪಹಾಸ್ಯ ಮಾಡಿ ದಕ್ಕಿಸಿಕೊಳ್ಳಲಾಗದು ಎನ್ನುವಲ್ಲಿ ಇರುವುದು ಇದೇ ಕ್ರಿಯಾಪದ. ಲೂಕನ ಸುವಾರ್ತೆಯ 16ನೇ ಅಧ್ಯಾಯದಲ್ಲಿ ಹಣದಾಸೆಯ ಫರಿಸಾಯರು ಯೇಸುವನ್ನು ಹಾಸ್ಯ ಮಾಡುವಾಗಲೂ, 23ನೇ ಅಧ್ಯಾಯದಲ್ಲಿ ಶಿಲುಬೆಯ ಕೆಳಗೆ ನಿಂತ ಅಧಿಕಾರಿಗಳು ಹಾಸ್ಯ ಮಾಡುವಾಗಲೂ ಇದರ ಹಿಂದೆ ‘ಎಕ್’ ಎಂಬ ಉಪಸರ್ಗ ಸೇರಿದ ರೂಪ ಬಂದಿದೆ. ಕೀರ್ತನೆಗಳ 2ನೇ ಅಧ್ಯಾಯದ 4ನೇ ವಚನದಲ್ಲಿ ಸ್ವರ್ಗದಲ್ಲಿ ಕೂತವನು ಭೂಮಿಯ ರಾಜರನ್ನು ನೋಡಿ ನಗುತ್ತಾನೆ. ಹೀಬ್ರೂವಿನಿಂದ ಗ್ರೀಕಿಗೆ ತಂದವರು ಅಲ್ಲಿ ದೇವರಿಗೇ ಮೂಗು ಮುರಿಸಿದ್ದಾರೆ. ಗ್ರೀಕಿನ ಮೂಗು ಲ್ಯಾಟಿನ್ನಿಗೆ ಬಂದಾಗ ‘ಸುಬ್ಸನ್ನಾಬಿತ್’ ಆಯಿತು. ‘ಸನ್ನಾ’ ಎಂದರೆ ಅಣಕಿಸಲು ಮಾಡುವ ವಿಕಾರ ಮುಖ. ಇಂಗ್ಲಿಷಿನ ಇನ್ನೊಂದು ಮೂಲೆಗುಂಪಾದ ಪದ ‘ಸಬ್ಸನೇಷನ್’ ಹುಟ್ಟಿದ್ದು ಅಲ್ಲಿಂದ. 1611ರ ಕಿಂಗ್ ಜೇಮ್ಸ್ ಭಾಷಾಂತರ ಬರುವ ಹೊತ್ತಿಗೆ ಮೂಗೂ ಹೋಯಿತು, ಸೊಟ್ಟ ಮುಖವೂ ಹೋಯಿತು. ಉಳಿದದ್ದು ‘ಡಿರಿಷನ್’, ‘ಮಾಕ್’ ಎಂಬ ಬೋಳು ಮಾತುಗಳು. ಸಾಮಾನ್ಯ ಇಂಗ್ಲಿಷಿಗೆ ಮಿಕ್ಟರಿಸಮ್ ಇಳಿಯದೆ ಅಲಂಕಾರಶಾಸ್ತ್ರದ ಪುಸ್ತಕಗಳಲ್ಲೇ ಉಳಿದುಹೋಗಲು ಇದೂ ಒಂದು ಕಾರಣವಿರಬಹುದು.

ಅಲಂಕಾರಶಾಸ್ತ್ರಕ್ಕೆ ಇದನ್ನು ಖಚಿತವಾದ ಲಕ್ಷಣದೊಂದಿಗೆ ಒಪ್ಪಿಸಿದವನು ಮೊದಲನೇ ಶತಮಾನದ ರೋಮಿನ ವಾಗ್ಮಿತೆಯ ಗುರು ಕ್ವಿಂಟಿಲಿಯನ್. ತನ್ನ ಗ್ರಂಥದ 8ನೇ ಸಂಪುಟದಲ್ಲಿ ಅರ್ಧ ಸಾಲಿನಲ್ಲಿ ಮುಗಿಸಿದ್ದಾನೆ: ವೇಷ ಹಾಕಿಕೊಂಡಿರುವ, ಆದರೆ ಅಡಗಿಕೊಂಡಿರದ ಗೇಲಿ. ಈ ಅರ್ಧ ಸಾಲಿಗಿಂತ ಒಳ್ಳೆಯ ಲಕ್ಷಣ ಇಲ್ಲಿಯವರೆಗೂ ಬಂದಿಲ್ಲ ಎಂದೇ ನನ್ನ ಮತ. ಅದರಲ್ಲಿ ಎರಡು ಷರತ್ತುಗಳಿವೆ, ಎರಡೂ ಒಟ್ಟಿಗೆ ಇರಬೇಕು. ವೇಷ ಇರಬೇಕು, ಇಲ್ಲದಿದ್ದರೆ ಅದು ನೇರ ಬೈಗುಳ, ಮೂದಲಿಕೆ. ವೇಷ ತಿಳಿಯುವಂತಿರಬೇಕು, ಇಲ್ಲದಿದ್ದರೆ ಅದು ಬರೀ ಮುಖಸ್ತುತಿ ಅಥವಾ ಸುಳ್ಳು. ಕೇಳಿದವನಿಗೆ ಚುಚ್ಚಬೇಕು, ಆದರೆ ‘ನೀನು ನನಗೆ ಹೀಗೆಂದೆ’ ಎಂದು ಹಿಡಿದು ಕೇಳಲು ಅವನ ಕೈಗೆ ಒಂದು ಪದವೂ ಸಿಗಬಾರದು.

ರೋಮಿನವರಿಗೆ ಮೂಗಿನ ಗೇಲಿ ಚೆನ್ನಾಗಿ ಗೊತ್ತಿತ್ತು. ಹೊರೇಸ್ ಕವಿ ತನ್ನ ವಿಡಂಬನೆಗಳ ಮೊದಲ ಸಂಪುಟದ 6ನೆಯದರಲ್ಲಿ ಪೋಷಕ ಮೈಸೀನಸ್‌ನನ್ನು ಹೊಗಳುವ ಬಗೆ ನೋಡಿ: ಅಷ್ಟು ದೊಡ್ಡ ಮನೆತನದವನಾದರೂ, ಹೆಸರಿಲ್ಲದವರನ್ನು ಕೊಕ್ಕೆಮೂಗಿಗೆ ನೇತುಹಾಕುವವನಲ್ಲ ಅವನು. ಮುಂದಿನ ತಲೆಮಾರುಗಳಲ್ಲಿ ಬಂದ ಪರ್ಸಿಯಸ್ ಈ ಮಾತನ್ನು ಹೊರೇಸನಿಗೇ ತಿರುಗಿಸಿ, ಜನರನ್ನು ಮೂಗಿಗೆ ನೇತುಹಾಕುವುದರಲ್ಲಿ ಅವನು ನಿಪುಣ ಎಂದ.

ಈಗ ಪಟನ್‌ಹ್ಯಾಮ್‌ಗೆ ಮರಳೋಣ, ಏಕೆಂದರೆ ಪದವನ್ನು ಬಳಸಬೇಕಾದವರಿಗೆ ಕೆಲಸಕ್ಕೆ ಬರುವ ವಿವರ ಇರುವುದು ಅವನಲ್ಲೇ. ಗ್ರೀಕಿನ ಬಾಯಿ ತಿರುಗದ ಹೆಸರುಗಳಿಗೆಲ್ಲ ಅವನು ಇಂಗ್ಲಿಷಿನ ಮನೆಮಾತಿನ ಹೆಸರಿಟ್ಟ. ಐರನಿ ಅವನಿಗೆ ಒಣ ಗೇಲಿ, ಸರ್ಕಾಸಂ ಕಹಿ ಮೂದಲಿಕೆ, ಆಸ್ಟೀಸಮ್ ನಾಗರಿಕರ ನಗೆಚಾಟಿಕೆ, ಆಂಟಿಫ್ರಾಸಿಸ್ ಬಹಿರಂಗ ಅಣಕ, ಕಾರಿಯೆಂಟಿಸಮ್ ಗುಟ್ಟಾಗಿ ಚಿವುಟುವುದು. ಮಿಕ್ಟರಿಸಮ್‌ಗೆ ಅವನಿಟ್ಟದ್ದು ‘ಫ್ಲಿಯರಿಂಗ್ ಫ್ರಂಪ್’. ಅವನು ಹೇಳುವ ಗುರುತು ಮೂರು: ಪಕ್ಕಕ್ಕೆ ನೋಡುವುದು, ತುಟಿಯನ್ನು ಸೊಟ್ಟಗೆ ಎಳೆಯುವುದು ಅಥವಾ ಮೂಗು ಸುಕ್ಕಿಸುವುದು. ‘ಫ್ಲಿಯರ್’ ಎಂದರೆ ಹೀಯಾಳಿಸುತ್ತ ಹಲ್ಲು ಕಿರಿಯುವುದು. ‘ಫ್ರಂಪ್’ ಎಂದರೆ ಆ ಕಾಲದಲ್ಲಿ ಗೇಲಿ. ಇವತ್ತಿನ ನಿಘಂಟಿನಲ್ಲಿ ಅದಕ್ಕೆ ಸೊಗಸಿಲ್ಲದ ಹಳೇ ಉಡುಪಿನ ಹೆಂಗಸು ಎಂಬ ಅರ್ಥ. ಈಗಿನ ಅರ್ಥ ಹಿಡಿದು ಹೋದರೆ ಪಟನ್‌ಹ್ಯಾಮ್‌ನ ಹೆಸರು ಹುಚ್ಚುಹುಚ್ಚಾಗಿ ಕಾಣುತ್ತದೆ.

ಈ ಐದಾರು ಬಗೆಗಳನ್ನು ಬೇರೆ ಮಾಡಲು ಒಂದು ಸುಲಭ ಪರೀಕ್ಷೆ ಇದೆ: ಮಾತನ್ನು ಕಾಗದದ ಮೇಲೆ ಬರೆದು, ಆಡಿದವನನ್ನು ನೋಡದವರ ಕೈಗೆ ಕೊಡಿ.

ಕುಳ್ಳನನ್ನು ತೋರಿಸಿ ‘ನೋಡಿ, ದೈತ್ಯ ಬಂದ’ ಎಂದರೆ ಅದು ಆಂಟಿಫ್ರಾಸಿಸ್. ಕಾಗದದ ಮೇಲೂ ಗೇಲಿ ಉಳಿಯುತ್ತದೆ, ಏಕೆಂದರೆ ಎದುರಿಗಿರುವ ಸಂಗತಿಯೇ ಮಾತನ್ನು ಸುಳ್ಳು ಮಾಡುತ್ತದೆ. ‘ನೀನು ಸಾಯುವುದರೊಳಗೆ ನೇಣಿಗೇರುವುದು ಖಂಡಿತ’ ಎಂದು ಬೈದವನಿಗೆ ‘ಯಜಮಾನರು ತಮಾಷೆಗೆ ಹೇಳುತ್ತಿದ್ದೀರೆಂದು ಬಲ್ಲೆ’ ಎಂದು ಗಂಭೀರವಾಗಿ ಉತ್ತರಿಸಿದರೆ ಅದು ಕಾರಿಯೆಂಟಿಸಮ್, ಇದೂ ಪಟನ್‌ಹ್ಯಾಮ್‌ನದೇ ಉದಾಹರಣೆ. ಅಲ್ಲಿ ಮುಖ ಸೊಟ್ಟಗಾದರೆ ಕೆಲಸ ಕೆಟ್ಟಿತು. ಮುಖ ಗಂಟಿಕ್ಕದೆ ನಗದೆ ಇರುವುದೇ ಅದರ ಸೊಗಸು. ಸರ್ಕಾಸಂ ಬಂದದ್ದು ಮಾಂಸ ಹರಿಯುವ ಗ್ರೀಕ್ ಕ್ರಿಯಾಪದದಿಂದ. ಕಹಿ ಪದಗಳಲ್ಲೇ ಇರುತ್ತದೆ, ಮುಖದ ಹಂಗಿಲ್ಲ. ‘ಅದರಲ್ಲೇನು ಅನುಮಾನ, ಸ್ವಾಮಿ’ ಮಾತ್ರ ಕಾಗದಕ್ಕೆ ಇಳಿದ ಕೂಡಲೇ ಸಾತ್ವಿಕವಾಗಿಬಿಡುತ್ತದೆ. ಕಾಗದದ ಮೇಲೆ ಸಾಯುವ ಗೇಲಿಯೇ ಮಿಕ್ಟರಿಸಮ್.

ಹೆಬ್ಬೆರಳನ್ನು ಮೂಗಿನ ತುದಿಗಿಟ್ಟು ಉಳಿದ ಬೆರಳುಗಳನ್ನು ಆಡಿಸಿ ಅಣಕಿಸುವುದು ಯುರೋಪಿನಲ್ಲಿ ಹಳೆಯ ರೂಢಿ, ಇಂಗ್ಲಿಷಿನಲ್ಲಿ ಅದಕ್ಕೆ ‘ಕಾಕ್ ಎ ಸ್ನೂಕ್’ ಎನ್ನುತ್ತಾರೆ. ಅಲ್ಲೂ ಮೂಗಿದೆಯಲ್ಲ ಎಂದು ಮಿಕ್ಟರಿಸಮ್ ಎನ್ನುವುದು ತಪ್ಪು. ಅದರಲ್ಲಿ ಕ್ವಿಂಟಿಲಿಯನ್ ಹೇಳಿದ ವೇಷವಿಲ್ಲ.

ಒಂದು ತೊಡಕು ಇದೆ. ಹೆನ್ರಿ ಪೀಚಮ್ ಎಂಬ ಇನ್ನೊಬ್ಬ ಅಲಂಕಾರಿಕ 1593ರಲ್ಲಿ ಪರಿಷ್ಕರಿಸಿ ಅಚ್ಚು ಹಾಕಿಸಿದ ‘ದಿ ಗಾರ್ಡನ್ ಆಫ್ ಎಲೊಕ್ವೆನ್ಸ್’ ಪುಸ್ತಕದಲ್ಲಿ ಕೊಡುವ ಉದಾಹರಣೆಯಲ್ಲಿ ಮುಖದ ಸುದ್ದಿಯೇ ಇಲ್ಲ. ತತ್ತ್ವಜ್ಞಾನಿಗಳೂ ಸಿಹಿ ಕಜ್ಜಾಯ ತಿನ್ನುತ್ತಾರೆಯೇ ಎಂದು ಯಾರೋ ಕೇಳಿದಾಗ ಡೆಮೊನಾಕ್ಸ್ ಎಂಬ ತತ್ತ್ವಜ್ಞಾನಿ, ಜೇನುನೊಣಗಳು ಬರೀ ಮೂರ್ಖರಿಗಾಗಿ ಜೇನು ಕೂಡಿಡುತ್ತವೆ ಅಂದುಕೊಂಡೆಯಾ ಎಂದನಂತೆ. ಇಲ್ಲಿ ‘ಮೂರ್ಖ’ ಎಂಬ ಪದ ಇದೆ, ಕೇಳಿದವನ ಮೇಲೆ ನೇರವಾಗಿ ಬೀಳದೆ ಪಕ್ಕದಿಂದ ಬೀಳುತ್ತದೆ, ಅಷ್ಟೆ. ಪೀಚಮ್‌ಗೆ ಮಿಕ್ಟರಿಸಮ್ ಎಂದರೆ ಗುಟ್ಟಾದ, ಆದರೆ ಗೊತ್ತಾಗದಷ್ಟು ಗುಟ್ಟಲ್ಲದ ಯಾವುದೇ ಗೇಲಿ. ಇದನ್ನು ಕಪ್ಪು ಹಿಮಕ್ಕೆ ಹೋಲಿಸಿ, ಕಣ್ಣಿಗೆ ಕಾಣುವ ಮೊದಲೇ ಮೂಗನ್ನು ಚಿವುಟುತ್ತದೆ ಎನ್ನುತ್ತಾನೆ. ಗಾಳಿ ಒಣಗಿದ್ದು ಚಳಿ ತೀವ್ರವಾದಾಗ ಬಿಳಿ ಹರಳುಗಳು ಕೂರುವುದಿಲ್ಲ, ಗಿಡಗಳು ಮಾತ್ರ ಒಳಗೇ ಹೆಪ್ಪುಗಟ್ಟಿ ಕಪ್ಪಾಗುತ್ತವೆ. ಅದೇ ಕಪ್ಪು ಹಿಮ. ಹೋಲಿಕೆಯಲ್ಲಿ ಮೂಗನ್ನು ತಂದದ್ದು ಪದದ ಮೂಲ ಬಲ್ಲವನ ಕೈಚಳಕ.

ಹಾಗಾಗಿ ಪುಸ್ತಕಗಳಲ್ಲಿ ಎರಡು ಬಳಕೆ ಸಿಗುತ್ತವೆ: ಮುಖದಿಂದ ಮಾಡುವ ಗೇಲಿ ಎಂಬ ಇಕ್ಕಟ್ಟಾದ ಅರ್ಥ, ಸೂಕ್ಷ್ಮವಾದ ಗೇಲಿ ಎಂಬ ಸಡಿಲ ಅರ್ಥ. ಓದುವಾಗ ಎರಡನ್ನೂ ನೆನಪಿಡಿ. ಬರೆಯುವಾಗ ಇಕ್ಕಟ್ಟಾದುದನ್ನೇ ಹಿಡಿಯುವುದು ಲೇಸು. ಸಡಿಲ ಅರ್ಥಕ್ಕೆ ಐರನಿ ಇದೆ, ವಿಟ್ ಇದೆ, ಇನ್ನೂ ಹತ್ತಿವೆ; ಮುಖದ ಗೇಲಿಗೆ ಇಂಗ್ಲಿಷಿನಲ್ಲಿ ಇಷ್ಟು ಖಚಿತವಾದ ಬೇರೆ ನಾಮಪದ ಸಿಗುವುದು ಕಷ್ಟ. ‘ಸ್ನಿಯರ್’ ಹತ್ತಿರ ಬರುತ್ತದೆ, ಆದರೆ ಅದು ಮುಖದ ಹೆಸರು ಮಾತ್ರ. ಮಿಕ್ಟರಿಸಮ್ ಎಂದರೆ ಶುದ್ಧವಾದ ಮಾತು ಮತ್ತು ಅದನ್ನು ಕೆಡಿಸುವ ಮುಖ, ಎರಡರ ಜೋಡಿ.

ಮುಖದಲ್ಲಿ ನಿಜಕ್ಕೂ ಆಗುವುದೇನು? ಮೂಗಿನ ಎರಡೂ ಪಕ್ಕದಲ್ಲಿ ಕಣ್ಣಿನ ಒಳತುದಿಯ ಹತ್ತಿರದಿಂದ ಇಳಿದು, ಒಂದು ಎಳೆ ಹೊಳ್ಳೆಗೂ ಇನ್ನೊಂದು ಮೇಲ್ದುಟಿಗೂ ಸೇರುವ ಸಣ್ಣ ಸ್ನಾಯು ಇದೆ. ಅದರ ಹೆಸರು ಅದಕ್ಕಿಂತ ಉದ್ದ: ಲೆವೇಟರ್ ಲೇಬಿಯೈ ಸುಪೀರಿಯೋರಿಸ್ ಅಲೀಕ್ವೆ ನೇಸೈ. ಒಂದೇ ಸ್ನಾಯು ಎರಡನ್ನೂ ಎಳೆಯುವುದರಿಂದ ಮೂಗು ಸುಕ್ಕಾದಾಗ ಮೇಲ್ದುಟಿಯೂ ಏಳುತ್ತದೆ. ಪಾಲ್ ಎಕ್‌ಮನ್ ಮತ್ತು ವಾಲೆಸ್ ಫ್ರೀಸನ್ 1978ರಲ್ಲಿ ಪ್ರಕಟಿಸಿದ ಮುಖಚಲನೆಯ ಸಂಕೇತಪದ್ಧತಿಯಲ್ಲಿ ಮೂಗು ಸುಕ್ಕಿಸುವುದು 9ನೇ ಘಟಕ. ಅದು ಮುಖ್ಯವಾಗಿ ಅಸಹ್ಯದ ಗುರುತು. ತಿರಸ್ಕಾರದ ಗುರುತು 14ನೆಯದು, ತುಟಿಯ ತುದಿ ಬಿಗಿದು ಒಳಕ್ಕೆ ಎಳೆದುಕೊಳ್ಳುವುದು, ಅದೂ ಒಂದೇ ಬದಿಯಲ್ಲಿ. ಎರಡೂ ಬದಿಗೆ ಸಮನಾಗಿ ಆದರೆ ತಿರಸ್ಕಾರದ ಅರ್ಥ ಮಂಕಾಗುತ್ತದೆ. ಪಟನ್‌ಹ್ಯಾಮ್ ‘ತುಟಿಯನ್ನು ಸೊಟ್ಟಗೆ ಎಳೆದು’ ಎಂದದ್ದು ಎಷ್ಟು ಸರಿ ನೋಡಿ. ಡಾರ್ವಿನ್ 1872ರ ಪುಸ್ತಕದಲ್ಲಿ ತಾತ್ಸಾರಕ್ಕೆ ಕೊಟ್ಟ ಗುರುತುಗಳಲ್ಲಿ ಅರೆ ಮುಚ್ಚಿದ ರೆಪ್ಪೆ ಮತ್ತು ಪಕ್ಕಕ್ಕೆ ಸರಿದ ನೋಟವೂ ಸೇರಿವೆ.

ನಮ್ಮ ಕಡೆ ಇದನ್ನೆಲ್ಲ ಬಹಳ ಹಿಂದೆಯೇ ಲೆಕ್ಕ ಹಾಕಿಟ್ಟಿದ್ದಾರೆ. ಭರತನ ನಾಟ್ಯಶಾಸ್ತ್ರದಲ್ಲಿ ಮೂಗಿನ ಅಭಿನಯ ಆರು ಬಗೆ. ಅದರಲ್ಲಿ ‘ವಿಕೂಣಿತಾ’ ಎಂಬ ಸುಕ್ಕಿಸಿದ ಮೂಗು ಜುಗುಪ್ಸೆ, ಅಸೂಯೆಗಳಿಗೆ. ನಗುವಿನಲ್ಲೂ ಆರು: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ನಾಲ್ಕನೆಯದಾದ ಉಪಹಸಿತದ ಲಕ್ಷಣ: ಹೊಳ್ಳೆ ಅರಳಿರುತ್ತದೆ, ನೋಟ ಓರೆಯಾಗಿರುತ್ತದೆ, ತಲೆ ಮೈ ಬಾಗಿರುತ್ತವೆ. ಓರೆನೋಟ ಮತ್ತು ಮೂಗು, ಪಟನ್‌ಹ್ಯಾಮ್ ಹೇಳುವ ಮೂರರಲ್ಲಿ ಎರಡು ಇಲ್ಲೇ ಸಿಕ್ಕವು. ನಾವು ದಿನಾ ಆಡುವ ‘ಉಪಹಾಸ’ಕ್ಕೂ ಇದಕ್ಕೂ ಧಾತು ಒಂದೇ. ಭರತ ಇದನ್ನು ಮಧ್ಯಮ ದರ್ಜೆಯ ಪಾತ್ರಗಳಿಗೆ ಕೊಟ್ಟಿದ್ದಾನೆ. ಉತ್ತಮರು ಸ್ಮಿತ, ಹಸಿತಗಳಲ್ಲೇ ನಿಲ್ಲಬೇಕು. ಇಂಗ್ಲೆಂಡಿನ ಅರಮನೆಯ ಸುತ್ತಮುತ್ತ ಓಡಾಡುವವರಿಗಾಗಿ ಬರೆದ ಪಟನ್‌ಹ್ಯಾಮ್‌ಗೆ ಈ ದರ್ಜೆ ಹಿಡಿಸುತ್ತಿರಲಿಲ್ಲ.

ಮುಖದ ಬದಲು ದನಿಯೇ ಗೇಲಿ ಹೊರುವುದೂ ಉಂಟು. ಸಂಸ್ಕೃತ ಮೀಮಾಂಸೆಯಲ್ಲಿ ಅದು ‘ಕಾಕು’. ಅಲಂಕಾರಿಕ ರುದ್ರಟ ವಕ್ರೋಕ್ತಿಯನ್ನು ಶ್ಲೇಷ, ಕಾಕು ಎಂದು ಎರಡಾಗಿ ಒಡೆದದ್ದು ಇದಕ್ಕೇ. ‘ಹೌದ್ಹೌದು, ನೀವು ಹೇಳಿದ್ಮೇಲೆ ಮುಗೀತಲ್ಲ’ ಎಂಬುದರಲ್ಲಿ ಎಳೆದ ‘ಹೌ’ ಎಷ್ಟು ಉದ್ದವೋ ಗೇಲಿ ಅಷ್ಟು. ಧಾರವಾಡದ ಕಡೆ ‘ಹೌದ್ರೀ, ನೀವ ಹೇಳಿದ ಮ್ಯಾಲ ಮುಗೀತ ಬಿಡ್ರಿ’ ಎಂದಾಗ ಆ ‘ಬಿಡ್ರಿ’ ಮೇಲಿನ ರಾಗ ಪೂರಾ ಕಾಕು. ಕಾಕು ಮಿಕ್ಟರಿಸಮ್‌ಗೆ ಒಡಹುಟ್ಟು ಎನ್ನಬಹುದು, ಒಂದೇ ಎನ್ನಲಾಗದು. ಫೋನಿನಲ್ಲಿ ಕಾಕು ದಾಟುತ್ತದೆ, ಮೂಗು ದಾಟುವುದಿಲ್ಲ. ಹೊಗಳುವಂತೆ ತೋರಿ ತೆಗಳುವ ವ್ಯಾಜಸ್ತುತಿಯಂತೂ ಇನ್ನೂ ದೂರ. ಜಿಪುಣನಂಥ ದಾನಿ ಹಿಂದಿಲ್ಲ ಮುಂದಿಲ್ಲ, ತನ್ನ ಹಣವನ್ನು ಮುಟ್ಟದೆಯೇ ಪೂರಾ ಪರರಿಗೆ ಬಿಟ್ಟುಹೋಗುತ್ತಾನೆ ಎಂಬ ಹಳೆಯ ಸುಭಾಷಿತ ಕಾಗದದ ಮೇಲೇ ನಗಿಸುತ್ತದೆ.

ಮುಖವನ್ನೇ ನೆಚ್ಚಿದರೆ ಏನು ಕೆಡುತ್ತದೆ ಎಂಬುದಕ್ಕೆ ಷೇಕ್ಸ್‌ಪಿಯರನ ‘ಒಥೆಲೊ’ ನಾಟಕದ ನಾಲ್ಕನೇ ಅಂಕದ ಮೊದಲ ದೃಶ್ಯ ಪಾಠವಾಗಬಲ್ಲದು. ಹೆಂಡತಿಗೂ ಕ್ಯಾಸಿಯೊಗೂ ನಂಟಿದೆ ಎಂದು ಒಥೆಲೊನ ಕಿವಿಯೂದಿದ ಇಯಾಗೊ ಅವನನ್ನು ಮರೆಯಲ್ಲಿ ನಿಲ್ಲಿಸಿ ಹೇಳುತ್ತಾನೆ: ಕ್ಯಾಸಿಯೊನ ಮುಖದ ಮೂಲೆಮೂಲೆಯಲ್ಲೂ ಮನೆ ಮಾಡಿರುವ ‘ಫ್ಲಿಯರ್’ಗಳನ್ನು, ಗೇಲಿಯನ್ನು, ತಿರಸ್ಕಾರವನ್ನು ಗಮನಿಸು. ಆಮೇಲೆ ತಗ್ಗಿದ ದನಿಯಲ್ಲಿ ಕ್ಯಾಸಿಯೊನ ಜೊತೆ ಅವನ ಪ್ರೇಯಸಿ ಬಿಯಾಂಕಾಳ ಮಾತೆತ್ತುತ್ತಾನೆ. ಕ್ಯಾಸಿಯೊ ನಗುತ್ತಾನೆ. ಯಾರ ಸುದ್ದಿ ಎಂಬುದು ಮರೆಯಲ್ಲಿದ್ದವನಿಗೆ ತಿಳಿಯದು, ಮುಖ ಮಾತ್ರ ಕಾಣುತ್ತದೆ. ನಗು ತನ್ನ ಹೆಂಡತಿ ಡೆಸ್ಡಿಮೋನಾಳ ಬಗ್ಗೆ ಎಂದುಕೊಳ್ಳುತ್ತಾನೆ. ಮಿಕ್ಟರಿಸಮ್‌ಗೆ ಮಾತು ಮತ್ತು ಮುಖ ಎರಡೂ ಒಟ್ಟಿಗೆ ಸಿಗಬೇಕು. ಒಂದೇ ಸಿಕ್ಕವನು ಇಲ್ಲದ ಗೇಲಿಯನ್ನು ಕಾಣಲೂಬಹುದು, ಇರುವ ಗೇಲಿಯನ್ನು ಕಾಣದೆ ಹೋಗಲೂಬಹುದು.

ಇನ್ನು ಬಳಕೆಯ ಮಾತು. ಇಂಗ್ಲಿಷಿನಲ್ಲಿ ಇದು ನಾಮಪದ. ‘ಎ ಮಿಕ್ಟರಿಸಮ್’ ಎಂದು ಒಂದು ಸಲದ ಗೇಲಿಗೂ ಹೇಳಬಹುದು, ಅಲಂಕಾರದ ಹೆಸರಾಗಿ ‘ಎ’ ಇಲ್ಲದೆಯೂ ಬಳಸಬಹುದು. ‘ಹಿ ಆನ್ಸರ್ಡ್ ವಿತ್ ಎ ಮಿಕ್ಟರಿಸಮ್’ ಸರಿ. ಅದನ್ನೇ ಕ್ರಿಯಾಪದವಾಗಿ ತಿರುಗಿಸಲು ಹೋಗಬೇಡಿ, ಓದುವವರು ಮುದ್ರಣದೋಷ ಅಂದುಕೊಳ್ಳುತ್ತಾರೆ. ಅಲಂಕಾರಶಾಸ್ತ್ರದ ಲೇಖನ, ನಾಟಕವಿಮರ್ಶೆ, ಹಳೆಯ ಪಠ್ಯದ ಟಿಪ್ಪಣಿ, ಇವುಗಳಲ್ಲಿ ಪದ ಸಲೀಸಾಗಿ ಕೂರುತ್ತದೆ. ಕಚೇರಿಯ ಇಮೇಲ್‌ನಲ್ಲಿ ಬಳಸಿದರೆ ಗೇಲಿಗೊಳಗಾಗುವವರು ನೀವೇ. ಮೊದಲ ಸಲ ಬರುವಲ್ಲಿ ಅದೇ ವಾಕ್ಯದಲ್ಲಿ ಮೂಗನ್ನೋ ತುಟಿಯನ್ನೋ ತೋರಿಸಿಬಿಟ್ಟರೆ ಓದುಗ ನಿಘಂಟು ತೆಗೆಯಬೇಕಿಲ್ಲ.

ಕನ್ನಡಕ್ಕೆ ತರುವಾಗ ‘ಅಣಕ’ ಎಂದರೆ ಇನ್ನೊಬ್ಬರಂತೆ ನಟಿಸಿ ತೋರಿಸುವುದಾಯಿತು. ‘ವ್ಯಂಗ್ಯ’ ಪದಗಳಲ್ಲಿದೆ. ‘ಕೊಂಕು’, ‘ಕಟಕಿ’ಗಳೂ ನುಡಿಯವೇ. ‘ಮೂಗು ಮುರಿಯುವುದು’ ಧಾತುವಿಗೆ ನೇರ ಸಾಟಿ, ಆದರೆ ನಾವು ಊಟ ರುಚಿಸದಿದ್ದರೂ ಮೂಗು ಮುರಿಯುತ್ತೇವೆ. ಅದರಲ್ಲಿ ಬೇಡವೆನ್ನುವುದು ಇದೆ, ಒಪ್ಪಿದಂತೆ ನಟಿಸುವುದು ಇಲ್ಲ. ಶಾಸ್ತ್ರದ ಬರಹಕ್ಕೆ ಮಿಕ್ಟರಿಸಮ್ ಎಂದೇ ಇಟ್ಟುಕೊಂಡು ಒಮ್ಮೆ ವಿವರಿಸುವುದು ವಾಸಿ. ಒಂದು ಪದವೇ ಬೇಕೆಂದು ಹಟವಿದ್ದರೆ ‘ಉಪಹಾಸ’ವನ್ನು ಭರತನ ಲಕ್ಷಣದ ಜೊತೆ ತನ್ನಿ.

ಕಥೆ, ನಾಟಕಗಳಲ್ಲಿ ಪದ ಬೇಡವೇ ಬೇಡ, ಕೆಲಸ ಮಾಡಿ ತೋರಿಸಿದರೆ ಸಾಕು. ಅಲ್ಲಿ ಆಗುವ ಸಾಮಾನ್ಯ ತಪ್ಪು ‘ಎಂದು ವ್ಯಂಗ್ಯವಾಗಿ ಹೇಳಿದಳು’ ಎಂದು ಬರೆಯುವುದು. ಆ ಒಂದು ಕ್ರಿಯಾವಿಶೇಷಣ ವೇಷವನ್ನು ಕಿತ್ತುಹಾಕುತ್ತದೆ, ಓದುಗನಿಗೆ ಕಂಡುಹಿಡಿಯಲು ಏನೂ ಉಳಿಯುವುದಿಲ್ಲ. ಎರಡನೇ ತಪ್ಪು, ಹುಬ್ಬು, ಕಣ್ಣು, ಮೂಗು, ತುಟಿ ಎಲ್ಲವನ್ನೂ ಒಟ್ಟಿಗೆ ಕುಣಿಸುವುದು. ಪಟನ್‌ಹ್ಯಾಮ್‌ನ ಸಾಲಿನಲ್ಲಿ ಮೂರು ಗುರುತುಗಳ ನಡುವೆ ಇರುವುದು ‘ಅಥವಾ’, ‘ಮತ್ತು’ ಅಲ್ಲ. ಒಂದು ಸಾಲು ಮಾತಿಗೆ ಒಂದು ಅಂಗ ಸಾಕು: ‘ತುಂಬಾ ಚೆನ್ನಾಗಿದೆ ಅತ್ತಿಗೆ, ನೀವು ಮಾಡಿದ್ದಲ್ವಾ’ ಎಂದಳು, ಗೋಡೆಯ ಕಡೆ ನೋಡುತ್ತ. ಮಾತಿನಲ್ಲಿ ಒಂದೂ ಕೆಟ್ಟ ಪದ ಬರದಂತೆ ಎಚ್ಚರವಿರಲಿ. ಬಂದರೆ ಅದು ಬೇರೆ ಜಾತಿಯ ಗೇಲಿ.

ವಾಟ್ಸ್ಆ್ಯಪ್‌ನಲ್ಲಿ ಮುಖ ಕಳಿಸಲು ಎಮೋಜಿ ಇದೆಯಲ್ಲ ಎನ್ನಬಹುದು. 2010ರ ಯೂನಿಕೋಡ್ 6.0ರಲ್ಲಿ ಬಂದ ‘ಸ್ಮರ್ಕಿಂಗ್ ಫೇಸ್’ ನೋಡಿದರೆ ಪಟನ್‌ಹ್ಯಾಮ್‌ನ ಲಕ್ಷಣವನ್ನೇ ಓದಿ ಬರೆದಂತಿದೆ: ಪಕ್ಕಕ್ಕೆ ಹೊರಳಿದ ಕಣ್ಣು, ಒಂದೇ ಬದಿಗೆ ಎಳೆದ ತುಟಿ. ಆದರೂ ಕೆಲಸಕ್ಕೆ ಬಾರದು. ಎದುರೆದುರು ಮಾಡಿದ ಮೂಗು ಅರೆಗಳಿಗೆಯಲ್ಲಿ ಮಾಯವಾಗುತ್ತದೆ, ‘ನಾನೇನು ಮಾಡಿದೆ?’ ಎನ್ನಬಹುದು, ಎಮೋಜಿ ಪರದೆಯ ಮೇಲೆ ಸಾಕ್ಷಿಯಾಗಿ ಕೂತಿರುತ್ತದೆ, ಅದರ ಸ್ಕ್ರೀನ್‌ಶಾಟ್ ತೆಗೆಯಬಹುದು. ಸಾಲದ್ದಕ್ಕೆ ಅದೇ ಮುಖವನ್ನು ಸರಸಕ್ಕೂ ಕಳಿಸುತ್ತಾರೆ. ಗೇಲಿ ಮಾಡಹೋಗಿ ಇನ್ನೇನೋ ಆದೀತು.